ಅಳತೆ ದನಿ

ಆಸ್ಪತ್ರೆಯ ಗಾಜಿನ ಬಾಗಿಲು ತೆರೆದುಕೊಳ್ಳುವ ದೃಶ್ಯ ಬರುತ್ತಿದ್ದಂತೆ ಅವಳು ಚಿತ್ರವನ್ನು ನಿಲ್ಲಿಸಿದಳು. ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ಕೇಳಿದಳು. ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಇನ್ನೊಮ್ಮೆ.

"ಒಬ್ಬರೇ ಬಂದಿದ್ದೀರಾ? ಪರವಾಗಿಲ್ಲ. ಒಳಗೆ ಬನ್ನಿ."

ಸಂಶಯವೇ ಇಲ್ಲ. ಅದು ಅವಳದೇ ದನಿ.

ಸಂಜೆಯೊಳಗೆ ಆಸ್ಪತ್ರೆಗೆ ಕಳಿಸಬೇಕಾದ ಕಿರುಚಿತ್ರ ಅದು. ಮೊದಲ ಸಲ ಬರುವ ರೋಗಿ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂದು ತಿಳಿಸುವಂಥದ್ದು. ಬರೆದವಳು ಅವಳೇ, ಕೊನೆಗೊಮ್ಮೆ ನೋಡಿ, ತಪ್ಪಿಲ್ಲ ಎಂದು ಒಪ್ಪಿಗೆ ಒತ್ತುವವಳೂ ಅವಳೇ. ಆ ಪ್ರಚಾರ ಸಂಸ್ಥೆಯಲ್ಲಿ ಒಂದು ರೂಢಿ. ಬರೆದದ್ದನ್ನು ಮೊದಲು ಅವಳು ಮೈಕಿನ ಮುಂದೆ ಓದಿಬಿಡಬೇಕು. ಆ ಓದಿಗೆ ಹೊಂದಿಸಿ ಸಂಕಲನಕಾರ ದೃಶ್ಯಗಳನ್ನು ಕತ್ತರಿಸಿ ಜೋಡಿಸುತ್ತಾನೆ. ಆಮೇಲೆ ಹೊರಗಿನಿಂದ ದನಿ ಕಲಾವಿದೆ ಬಂದು ಅಷ್ಟೇ ಅಳತೆಗೆ ಓದಿ ಹೋಗುತ್ತಾರೆ, ಸಂಕಲನಕಾರ ಇವಳದನ್ನು ಅಳಿಸುತ್ತಾನೆ. ಅಳತೆ ದನಿ ಎಂದೇ ಅದಕ್ಕೆ ಹೆಸರು. ದರ್ಜಿಗೆ ಅಳತೆಗೆಂದು ಕೊಟ್ಟ ಹಳೆಯ ಅಂಗಿಯ ಹಾಗೆ. ಹೊಸದು ಹೊಲಿದಾದ ಮೇಲೆ ಅದನ್ನು ಯಾರು ಕೇಳುತ್ತಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಧೈರ್ಯ ಮಾಡಿ ಕೇಳಿದ್ದಳು, ಒಂದು ಚಿತ್ರಕ್ಕಾದರೂ ನಾನೇ ಓದಲೇ ಎಂದು. ಮುಖ್ಯಸ್ಥೆ ಗದರಿರಲಿಲ್ಲ, ನಕ್ಕಿದ್ದರು. "ನಿಮ್ದು ಮನೆ ದನಿ ಕಣ್ರೀ. ಅಡಿಗೆಮನೆಯಿಂದ ಯಾರನ್ನೋ ಕೂಗಿದ ಹಾಗಿರುತ್ತೆ. ಹೊರಗಡೆಗೆ ಬೇರೆ ದನಿ ಬೇಕು." ಅಂದಿನಿಂದ ಅವಳು ಕಚೇರಿಯಲ್ಲಿ ಫೋನನ್ನು ಕೂಡ ಕೈ ಅಡ್ಡ ಹಿಡಿದೇ ಮಾತಾಡುತ್ತಾಳೆ. ಸಭೆಗಳಲ್ಲಿ ಏನಾದರೂ ಹೊಳೆದರೆ ಚೀಟಿಯಲ್ಲಿ ಗೀಚಿ ಪಕ್ಕದವರತ್ತ ಸರಿಸುತ್ತಾಳೆ.

ಈಗ ಕಲಾವಿದೆಯ ಓದನ್ನು ಹುಡುಕಿ ತೆಗೆದು ಕೇಳಿದಳು. ಅದೇ ಮಾತು. ಎಲ್ಲೂ ಎಡವಿಲ್ಲ, ನುಣ್ಣಗೆ ಜಾರಿಹೋಗುವ ದನಿ. ಅದನ್ನು ತಂದು ಕೂರಿಸಲು ಎಷ್ಟು ಹೊತ್ತು, ಸಂಕಲನಕಾರನಿಗೆ ಒಂದು ಮಾತು ಹೇಳಿದರಾಯಿತು. ಹೇಳದೆ ಇದ್ದು, ನಾಳೆ ಯಾರಾದರೂ ಕಂಡುಹಿಡಿದರೆ ಒಪ್ಪಿಗೆ ಒತ್ತಿದವಳ ಕೊರಳಿಗೇ ಬರುತ್ತದೆ. ಗೊತ್ತಿದ್ದೂ ಅವಳಿಗೊಂದು ಕುತೂಹಲ ಹುಟ್ಟಿತು.

"ಗಡ್ಡಪ್ಪಾ, ಸ್ವಲ್ಪ ಬಾ ಇಲ್ಲಿ."

ಸಂಕಲನಕಾರ ಕುರ್ಚಿ ಸಮೇತ ಉರುಳಿಕೊಂಡು ಬಂದ. "ಏನಕ್ಕಾ, ತಪ್ಪಾ? ನೀವು ಬಿಡಿ, ಮೊಸರಲ್ಲೂ ಕಲ್ಲು ಹುಡುಕೋರು."

"ತಪ್ಪು ಅಂತ ನಾನೆಲ್ಲಿ ಅಂದೆ? ಇದನ್ನ ಕೇಳು. ಏನಾದ್ರೂ ಅನ್ಸುತ್ತಾ?"

ಅವನು ಕಣ್ಣು ಮುಚ್ಚಿ ಕೇಳಿದ. "ಸಂಗೀತ ಒಂಚೂರು ಜಾಸ್ತಿ ಆಯ್ತಾ?"

"ದನಿ?"

"ದನಿಗೇನಕ್ಕಾ, ಬೆಣ್ಣೆ."

ಅವಳು ನಗು ತಡೆದುಕೊಂಡಳು. ದಿನವಿಡೀ ಇವಳನ್ನೇ ಕೇಳುತ್ತ ಕತ್ತರಿಸುವ ಕಿವಿ ಅದು. ಆ ಸಾಲನ್ನು ಬದಲಾಯಿಸಲು ಅವನು ಮರೆತದ್ದೂ ಅದಕ್ಕೇ ಇರಬೇಕು. ಗೋಡೆ ಗಡಿಯಾರದ ಸದ್ದು ಆ ಮನೆಯವರಿಗೆ ಕೇಳಿಸುತ್ತದೆಯೇ?

ಅಷ್ಟರಲ್ಲಿ ಮುಖ್ಯಸ್ಥೆಯೇ ಬಂದರು. "ಇನ್ನೂ ಕಳಿಸಿಲ್ವಾ? ಆಸ್ಪತ್ರೆಯವರು ಪ್ರಾಣ ತಿಂತಿದಾರೆ. ಹಾಕಿ, ನಾನೂ ಒಂದ್ಸಲ ನೋಡಿಬಿಡ್ತೀನಿ."

ಅವಳು ಹೆಡ್‌ಫೋನಿನ ವೈರು ಕಿತ್ತು, ದನಿಯನ್ನು ಕೋಣೆಗೆ ಬಿಟ್ಟಳು. ಬಾಗಿಲಿನ ದೃಶ್ಯ ಬಂತು, ದಾಟಿಹೋಯಿತು. ಮುಖ್ಯಸ್ಥೆ ಕೈ ಎತ್ತಿದರು.

"ನಿಲ್ಲಿಸಿ. ಅದನ್ನ ಇನ್ನೊಂದ್ಸಲ."

ಅವಳು ಹಿಂದಕ್ಕೆ ಸರಿಸಿದಳು.

"ನೋಡಿ, ಆಕೆಯನ್ನೇ ಕರೀಬೇಕು ಅಂತ ನಾನು ಹಟ ಮಾಡೋದು ಇದಕ್ಕೇ," ಎಂದರು ಮುಖ್ಯಸ್ಥೆ. "'ಒಳಗೆ' ಅನ್ನೋಕೆ ಮುಂಚೆ ಒಂದು ಉಸಿರು ತಗೊಂಡ್ರು, ಗಮನಿಸಿದ್ರಾ? ಕೈ ಹಿಡ್ಕೊಂಡು ಕರ್ಕೊಂಡು ಹೋದ ಹಾಗಿದೆ. ಇದೆಲ್ಲ ಹೇಳಿಕೊಟ್ರೆ ಬರಲ್ಲ."

"ಹೌದು ಮೇಡಂ."

"ಇನ್ನು ಕೈ ಹಚ್ಚಬೇಡಿ. ಕಳಿಸಿ."

ಅವರು ಹೋದ ಮೇಲೂ ಅವಳು ಪರದೆಯನ್ನೇ ನೋಡುತ್ತ ಕುಳಿತಳು. ತಾನು ಆ ಉಸಿರು ಯಾಕೆ ತೆಗೆದುಕೊಂಡೆ? ನೆನಪು ಮಾಡಿಕೊಂಡಳು. ಆ ಸಾಲು ಓದುವಾಗ ಕಣ್ಣ ಮುಂದೆ ಇದ್ದದ್ದು ರೋಗಿಯಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಇದೇ ಕಚೇರಿಯ ಹೊಸ್ತಿಲಲ್ಲಿ ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದ ಒಬ್ಬ ಹೆಂಗಸು. ಒಳಗಿನವರು ತಲೆಯೆತ್ತಿ ಕೇಳಿದ್ದರು, "ಯಾರು ಬೇಕಿತ್ತು?"

ಅವಳು ಒಪ್ಪಿಗೆ ಒತ್ತಿದಳು. ಚಿತ್ರ ಹೋಯಿತು.

"ಅಕ್ಕಾ, ಮುಂದಿನದರ ಅಳತೆ ಇವತ್ತೇ ಓದಿಬಿಡ್ತೀರಾ?" ಸಂಕಲನಕಾರ ತನ್ನ ಮೇಜಿನಿಂದಲೇ ಕೂಗಿದ. "ಹೆಂಗೋ ಒಂದು ಓದಿ ಸಾಕು. ಅಳಿಸೋದೇ ತಾನೆ."

"ಬಂದೆ ಇರು."

ಅವಳು ಧ್ವನಿಮುದ್ರಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೈಕು ಎಂದಿನಂತೆ ಕಲಾವಿದೆಯ ಎತ್ತರಕ್ಕೆ ನಿಂತಿತ್ತು. ಇಷ್ಟು ವರ್ಷ ಅವಳು ಹಿಮ್ಮಡಿ ಎತ್ತಿ, ಕತ್ತು ಚಾಚಿ ಓದಿ ಮುಗಿಸುತ್ತಿದ್ದಳು. ಬೇರೆಯವರದನ್ನು ಯಾಕೆ ಮುಟ್ಟುವುದು ಎಂದು. ಗಾಜಿನಾಚೆ ಅವನು ಹೆಬ್ಬೆರಳು ತೋರಿಸಿದ. ಅವಳು, ತಡಿ, ಎಂಬಂತೆ ಕೈ ಆಡಿಸಿ, ಕಂಬದ ತಿರುಪು ಸಡಿಲಿಸಿದಳು. ಮೈಕನ್ನು ತನ್ನ ಬಾಯಿಯ ಮಟ್ಟಕ್ಕೆ ಇಳಿಸಿ, ಇನ್ನು ಅಲುಗದ ಹಾಗೆ ಬಿಗಿ ಮಾಡಿದಳು.