ಹೊಣಕೆರೆಯ ಹೊಗೆ

ಕೃಷ್ಣ ಮೂರನೇ ಸಲ ಚಿಮಣಿಯ ಏಣಿ ಹತ್ತಿ ಮೂಗೊಡ್ಡಿದ. ಏನೂ ಇಲ್ಲ. ಪರಿಸರ ವಿಜ್ಞಾನದಲ್ಲಿ ಚಿನ್ನದ ಪದಕ ಪಡೆದ ಮೂಗು ನೆಗಡಿಯವರ ಮೂಗಿಗಿಂತ ಕಡೆಯಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡ.

ಹೊಣಕೆರೆ ಬಳಿಯ ಈ ಕಾರ್ಖಾನೆ ಪ್ಲಾಸ್ಟಿಕ್ ಕಸದಿಂದ ಜಲಜನಕ ತೆಗೆಯುತ್ತಿತ್ತು. ಪಕ್ಕದಲ್ಲೇ ಇದಕ್ಕಿಂತ ದೊಡ್ಡದೊಂದು ಏಳಬೇಕಿತ್ತು. ತಪಾಸಣೆಗೆ ಬಂದ ಕೃಷ್ಣ ಊರಿಗೆ ತೊಂದರೆಯಿಲ್ಲ ಎಂದು ಬರೆದುಕೊಟ್ಟರೆ ನಾಳೆಯೇ ಪಾಯ. ಅಡ್ಡ ನಿಂತವರು ಕೆರೆಯಂಚಿನಲ್ಲಿ ಹಸು ಸಾಕಿಕೊಂಡಿದ್ದ ಪುಟ್ಟತಾಯಮ್ಮ ಒಬ್ಬರೇ.

“ಪ್ಯಾಕ್ಟ್ರಿ ಬಂದ್ಮ್ಯಾಕೆ ಇದೇ ಆಗೋಯ್ತು ಕಣಪ್ಪ. ಬೆಳಗೆದ್ರೆ ಒಗೆ, ಬೈಗಾದ್ರೆ ಒಗೆ. ಕೆರೆ ನೀರ್ಗೆ ದನ ಬಾಯಿಡ್ತಿಲ್ಲ. ನನ್ನಸಾ ಏನ್ ಕುಡೀಬೇಕು?” ಎಂದಿದ್ದರು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ.

ಇದೇ ಸೀಮೆಯ ಗಂಜಾಂನಲ್ಲಿ ಹುಟ್ಟಿದ ಕೃಷ್ಣನಿಗೆ ಬಿಡಿಸಿ ಹೇಳಬೇಕೆ? ‘ಹ’ ನುಂಗುವುದು ಅವನ ಮನೆಯದೇ ರೋಗ. ಮೇಷ್ಟರ ಏಟು ತಿಂದು ವಾಸಿಯಾಗಿತ್ತು. ವಾಸಿಯಾದದ್ದು ಎಷ್ಟೆಂದರೆ, ಕಾಲೇಜಿನ ಭಾಷಣದಲ್ಲಿ ಆನೆಯನ್ನೂ ‘ಹಾನೆ’ ಮಾಡಿ ಚಪ್ಪಾಳೆ ಗಿಟ್ಟಿಸಿದ್ದ.

“ಹೊಗೆ ಹುಡುಕಿಕೊಡಿ ಸಾರ್, ನಾನೇ ಬೀಗ ಹಾಕ್ತೀನಿ,” ಎಂದ ಮ್ಯಾನೇಜರ್ ಮಂಜುನಾಥ. “ಇಂಗಾಲದ ಅನಿಲಾನೂ ಹಿಡಿದು ಸಿಲಿಂಡರಿಗೆ ತುಂಬಿ ಕಳಿಸ್ತೀವಿ. ಇನ್ನು ಕಸ ನೋಡಿ, ಊರವರಿಂದ ದುಡ್ಡು ಕೊಟ್ಟೇ ಕೊಳ್ತೀವಿ, ಆದ್ರೆ ಕೊಳೆ ಇರೋ ಒಂದು ಕವರನ್ನೂ ಗೇಟಿನೊಳಕ್ಕೆ ಬಿಡಾಕಿಲ್ಲ.”

ಮಸಿ ಹಿಡಿಯಲೆಂದು ಕೃಷ್ಣ ತನ್ನ ಬಿಳಿ ಪಂಚೆಯನ್ನು ಪುಟ್ಟತಾಯಮ್ಮನ ಸೂರಿಗೆ ಹರವಿದ. ಮಾರನೆಯ ಸಂಜೆಯೂ ಅದು ಬೆಳ್ಳಗೇ ಇತ್ತು. ಅವನ ಮದುವೆಯ ದಿನವೂ ಪಂಚೆ ಅಷ್ಟು ಬೆಳ್ಳಗಿರಲಿಲ್ಲ.

ಹೊಗೆಯಿಲ್ಲ ಎಂದಮೇಲೆ ಒಪ್ಪಲೇಬೇಕು. ಪೆನ್ನು ತೆಗೆದ. ಆದರೆ ಮುದುಕಿಯ ಹಸು ನೆನಪಾಗಿ, ಪೆನ್ನನ್ನು ಮತ್ತೆ ಜೇಬಿಗಿಟ್ಟು ಪುಟ್ಟತಾಯಮ್ಮನ ಮನೆಗೆ ನಡೆದ.

“ಅಮ್ಮಾ, ಹೊಗೆ ಎಲ್ಲಿದೆ? ಒಂದೇ ಒಂದು ಸಲ ತೋರಿಸಿಬಿಡಿ.”

“ಅದ್ಯಾಕಪ್ಪ ನೀನು ಬಂದಾಗ್ನಿಂದ ಮ್ಯಾಕೇ ನೋಡ್ಕೊಂಡು ತಿರುಗ್ತಿದ್ದೀಯಾ? ಬಾ ಇಲ್ಲಿ,” ಎಂದು ಅವರು ಕೈಹಿಡಿದು ಕೆರೆ ಏರಿಯಾಚೆಗೆ ಎಳೆದೊಯ್ದರು.

ಕೆರೆಗಿಳಿಯುವ ಮೆಟ್ಟಿಲುಗಳ ಉದ್ದಕ್ಕೂ ಹೆಂಗಸರು ಸಾಲಾಗಿ ಕೂತಿದ್ದರು. ಪಕ್ಕದಲ್ಲಿ ಎಣ್ಣೆ ಕವರು, ಕೀಟನಾಶಕದ ಡಬ್ಬಿಗಳ ಗುಡ್ಡೆ. ನೀರಿನ ಮೇಲೆ ಮೊಣಕಾಲೆತ್ತರ ನೊರೆ.

“ಕೊಳೆ ಇದ್ರೆ ಪ್ಯಾಕ್ಟ್ರಿಯೋರು ಮುಟ್ಟಾಕಿಲ್ವಲ್ಲ, ಅದ್ಕೇ ಬಟ್ಟೆ ಒಗ್ದಂಗೆ ಊರೆಲ್ಲಾ ಇಲ್ಲೇ ಕೂತು ಒಗೀತದೆ ಕಣಪ್ಪ!”