ಗುರುಪಾದಪ್ಪನ ಕೊನೆಯ ಪೊರೆ

ಎಲ್ಲರಂತೆ ಚೆನ್ನವ್ವನ ಗಂಡ ಗುರುಪಾದಪ್ಪನೂ ಈ ಯುಗಾದಿಗೆ ಹಾವಿನ ಹಾಗೆ ಮೈಯ ಪೊರೆ ಕಳಚಿಟ್ಟಿದ್ದ. ಹೊಸ ಚರ್ಮ ಬಲಿಯುವ ಮೊದಲೇ ತೀರಿಕೊಂಡ. ಹನ್ನೊಂದನೆಯ ದಿನ ಆ ಪೊರೆಯನ್ನು ಹೊಳೆಗೆ ಬಿಡಬೇಕು. ಶಿವನಿಗೆ ಗುರುತು ಹತ್ತಲೆಂದು ಅದರ ಮೇಲಿನ ಕಲೆಗಳನ್ನು ಹೆಂಡತಿಯೇ ಹೆಸರಿಸಬೇಕು.

"ಹೇಳವ್ವ," ಎಂದರು ಹೊಳೆದಂಡೆಯಲ್ಲಿ ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು.

"ಮೊಣಕೈಗೆ ಇಸಬು. ಬೆನ್ನಿಗೆ ಸಿಬ್ಬ. ಕೆನ್ನೆಗೆ ಬಂಗು. ಹಿಮ್ಮಡಿಗೆ ಒಡಕು," ಎಂದಳು ಚೆನ್ನವ್ವ, ಸಂತೆಯ ಸಾಮಾನು ಹೇಳಿದಂತೆ.

"ಒಂದು ಹನಿ ಕಣ್ಣೀರಿಲ್ಲ. ಕಲ್ಲಾಗೀಯಲ್ಲ ವೈನಿ!" ನಾದಿನಿ ಮಲ್ಲವ್ವ ಚುಚ್ಚಿದಳು.

ಚೆನ್ನವ್ವ ಪೊರೆಯ ಕಾಲ ಬಳಿ ಕೂತಳು. ಸೆರಗಿನ ಗಂಟಿನಿಂದ ಮುಲಾಮಿನ ಡಬ್ಬಿ ತೆಗೆದು, ದಿನವೂ ಮಾಡುತ್ತಿದ್ದಂತೆ, ಪೊರೆಯ ಹಿಮ್ಮಡಿಯ ಒಂದೊಂದೇ ಬಿರುಕಿಗೆ ಹಚ್ಚತೊಡಗಿದಳು.

"ಹೊತ್ತಾತವ್ವ, ಬಿಡು," ಅಯ್ಯನವರೆಂದರು.

"ತಡೀರಿ ಅಯ್ನೋರ. ನೀರು ತಾಗಿದ್ರ ಅವ್ರಿಗೆ ಉರೀತೈತಿ."