ವಾಪಸ್ ಕೊಡಬೇಕಾದ ಅಜ್ಜಿ

ಇಂಟರ್ನೆಟ್ ಕಂಪನಿಗಳು ರೂಟರ್ ಜೊತೆ ಮನೆಗೊಬ್ಬ ಅಜ್ಜಿಯನ್ನೂ ಕೊಡುತ್ತಿದ್ದವು. ಗದಗಿನ ಇಂದುಮತಿ ಟೀಚರಿಗೆ ಹೊಸ ಕಂಪನಿಯೊಂದು ಅರ್ಧ ದರಕ್ಕೆ ಇಮ್ಮಡಿ ವೇಗ ಕೊಡಲು ಒಪ್ಪಿತು, ಆದರೆ ಅಜ್ಜಿ ಇಲ್ಲ. ಮೂರು ವರ್ಷದಿಂದ ಮನೆಯಲ್ಲಿದ್ದ ಅಜ್ಜಿ ಹೋಗಬೇಕೆಂಬುದು ಫಾರಂಗೆ ಸಹಿ ಹಾಕಿದ ಮೇಲೆಯೇ ಇಂದುಮತಿಗೆ ಹೊಳೆಯಿತು.

ಶನಿವಾರ ಹಳೆ ಕಂಪನಿಯ ಫಕ್ಕೀರೇಶ ಬಂದು, "ರೂಟರ್, ಅಡಾಪ್ಟರ್, ಅಜ್ಜಿ" ಎಂದು ಪಟ್ಟಿ ಓದಿದ. ಅಜ್ಜಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಬರಿ ಉಡಿಲೆ ಕಳಸ್ತಿಯೇನವಾ?" ಎಂದಳು.

ಇಂದುಮತಿ ನಾಚಿ, ಅವಳನ್ನು ಮಣೆಯ ಮೇಲೆ ಕೂರಿಸಿ, ತವರಿನಿಂದ ಹೊರಟ ಮಗಳಿಗೆ ಮಾಡುವಂತೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದಳು.

ಫಕ್ಕೀರೇಶ ಪೆನ್ನು ಕೆಳಗಿಟ್ಟ. "ಏನ ಮಾಡಿದ್ರಿ ಅಕ್ಕಾರ! ಉಡಿ ತುಂಬಿದ ಮ್ಯಾಲ ಆಕಿ ಈ ಮನಿ ಮಗಳು. ಬ್ಯಾರೆ ಮನಿಗೆ ಕೊಡಾಕ ಬರೂದಿಲ್ರೀ. ಕಂಪನಿ ರೂಲ್ ಐತಿ."

"ನನಗ ಗೊತ್ತಿರಲಿಲ್ಲೋ ಯಪ್ಪಾ."

"ಅಜ್ಜಿಗೆ ಗೊತ್ತಿತ್ತಲ್ರೀ. ಟ್ರೇನಿಂಗ್‌ನಾಗ ಮೊದಲನೇ ಪಾಠನ ಅದು."

ಅವನು 'ವಾಪಸ್ ಪಡೆಯಲು ಬಾರದು' ಎಂದು ಬರೆದುಕೊಂಡು, ರೂಟರನ್ನೂ ಅಡಾಪ್ಟರನ್ನೂ ಎತ್ತಿಕೊಂಡು ಹೋದ. ಅಜ್ಜಿ ಉಡಿಯ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಕಾಯಿ ಚೊಲೋ ಐತಿ. ಚಟ್ನಿಗೆ ಒಡೀತೀನಿ," ಎಂದು ಅಡುಗೆಮನೆಗೆ ನಡೆದಳು.